ಪೈಲ್ವಾನರ ಕೈಗೆ ಕಡ್ಲೆಹಿಟ್ಟು

ಅಥವಾ ಮಾವ ಆ ಹುಡುಗನ ಕೈಗೆ ನೀವಿದ್ದು ಎಳ್ಳೆಣ್ಣೆಯೇ ಆಗಿರಲಿಲ್ಲವೇನೋ. ಹರಳೆಣ್ಣೆ ಎಂದು ನನ್ನ ಗಂಡ ಈಗಲೂ ವಾದಿಸುತ್ತಾನೆ. ಎರಡನ್ನೂ ಬೆರೆಸಿ, ಅದಕ್ಕೊಂದು ಬೇರು ಹಾಕಿ ಕುದಿಸಿದ್ದು ಎಂದು ಮಾವ ಹೇಳುತ್ತಾರೆ, ಯಾವ ಬೇರು ಎಂದರೆ ಬಾಯಿ ಬಿಡುವುದಿಲ್ಲ. ನನ್ನ ಮೂಗು ಎಳ್ಳೆಣ್ಣೆ ಎನ್ನುತ್ತದೆ. ಆದರೆ ಈ ಮೂಗನ್ನು ನಂಬುವುದು ಹೇಗೆ? ಮೊನ್ನೆ ಆಫೀಸಿನಲ್ಲಿ ಇದೇ ಕತೆ ಹೇಳುವಾಗ ಬೇವಿನೆಣ್ಣೆ ಎಂದುಬಿಟ್ಟೆ. ಯಾರೂ ಆಕ್ಷೇಪಿಸಲಿಲ್ಲ, ಕತೆ ಇನ್ನೂ ಚೆನ್ನಾಗಿ ಬಂತು. ಅದೇ ನನ್ನ ತೊಂದರೆ. ಕತೆ ಚೆನ್ನಾಗಿ ಬಂದಷ್ಟೂ ನನಗೆ ಅನುಮಾನ ಜಾಸ್ತಿಯಾಗುತ್ತದೆ.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಕೆನಡಾದ ಹುಡುಗನೊಬ್ಬ ಒಂದು ಬೇಸಿಗೆಯಿಡೀ ಮೆಲ್ಬರ್ನ್‌ನಲ್ಲಿ, ವಿಂಡಮ್ ವೇಲ್‌ನ ನಮ್ಮ ಮನೆಯಲ್ಲಿ ಉಳಿದಿದ್ದ. ಅವನು ಬೇಸ್‌ಬಾಲ್ ಆಟಗಾರ. ಚೆಂಡು ಎಸೆಯುವುದು ಅವನ ಕೆಲಸ. ಸಿಡ್ನಿಯ ಮೈದಾನವೊಂದರಲ್ಲಿ, ಜನ ನೋಡುತ್ತಿದ್ದಂತೆ, ಇಬ್ಬರು ಅಂಪೈರ್‌ಗಳು ಸರದಿಯಲ್ಲಿ ನಿಂತು ಅವನ ಬಲಗೈಯನ್ನು ಮೂಸಿದರು. ಇಷ್ಟು ಖಂಡಿತ ನಡೆದಿದೆ. ಉಳಿದದ್ದನ್ನು ನೆನಪಾದಂತೆ ಬರೆಯುತ್ತೇನೆ.

ಅವನು ಬಂದದ್ದು ನನ್ನ ಗಂಡನ ದೆಸೆಯಿಂದ. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಅವನದು ಕಂಪ್ಯೂಟರ್ ಕೆಲಸ. ಪಕ್ಕದ ಮೇಜಿನವನಿಗೆ ಬೇಸ್‌ಬಾಲ್ ತಂಡವೊಂದರ ನಂಟು. ಹೊರದೇಶದ ಆಟಗಾರರನ್ನು ಆ ತಂಡದವರು ಹೋಟೆಲಿನಲ್ಲಿ ಇರಿಸುವುದಿಲ್ಲ, ಯಾರದಾದರೂ ಮನೆಯಲ್ಲಿ ಒಂದು ಕೋಣೆ ಕೇಳಿಕೊಳ್ಳುತ್ತಾರೆ. ಒಪ್ಪಿಕೊಂಡಿದ್ದ ಮನೆಯವರು ಕೊನೆಗಳಿಗೆಯಲ್ಲಿ ಕೈ ಎತ್ತಿದಾಗ ನನ್ನ ಗಂಡ ಟ್ರ್ಯಾಮಿನಿಂದಲೇ ಫೋನು ಮಾಡಿದ.

"ಒಬ್ಬ ಹುಡುಗ ಬಂದಿರ್ತಾನೆ ಕಣೇ. ಸಮ್ಮರ್ ಮುಗಿಯೋ ತನಕ. ಫಾಸ್ಟ್ ಬೌಲರ್ ಅಂತೆ!"

"ಬೇಸ್‌ಬಾಲ್‌ನಲ್ಲಿ ಎಲ್ಲಿಯ ಬೌಲರ್ ರೀ?"

"ಅದೇ, ಪಿಚರ್. ಅಲ್ಲಿ ಬೌಲರ್‌ಗೆ ಹಂಗಂತಾರೆ. ಎಲ್ಲಾ ಒಂದೇ ಬಿಡು."

ನಾನು ಗಂಡನನ್ನು 'ರೀ' ಎಂದದ್ದು ಎದುರಿಗೆ ಮಾವ ಕೂತಿದ್ದರು ಎಂಬ ಕಾರಣಕ್ಕೆ. ಅವರು ಇಲ್ಲದಾಗ ನಮ್ಮಲ್ಲಿ ಏಕವಚನ. ಆ ಬೇಸಿಗೆಯಲ್ಲಿ ಮಾವ ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದುದರಿಂದ ತಿಂಗಳುಗಟ್ಟಲೆ ನಾನು ಬಹುವಚನದಲ್ಲೇ ಜಗಳವಾಡಬೇಕಾಯಿತು. ಬಹುವಚನದ ಜಗಳ ಗೆಲ್ಲುವುದು ಬಹಳ ಕಷ್ಟ. ಹುಡುಗ ನಮ್ಮ ಮನೆಗೆ ಬಂದದ್ದು ಹಾಗೆ.

ಮಾವ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆದರೆ ತಮ್ಮನ್ನು ಅವರು ಮೇಷ್ಟ್ರೆಂದು ಎಂದೂ ಹೇಳಿಕೊಂಡಿಲ್ಲ. ಹರೆಯದಲ್ಲಿ ಮನೆಯ ಹಿಂದಿನ ಗರಡಿಮನೆಯಲ್ಲಿ ಸಾಮು ಮಾಡಿದ್ದರು. ಅದೇ ಅವರ ಗುರುತು. ಒಂದೇ ಒಂದು ಕುಸ್ತಿ ಗೆದ್ದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

"ಸೋಲೋದಕ್ಕೂ ಬಾಡಿ ಬೇಕು ಕಣಮ್ಮ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ ಅದು."

ಇಂಥವರಿಗೆ ವಿಂಡಮ್ ವೇಲ್‌ನಲ್ಲಿ ಮಾಡಲು ಏನೂ ಇರಲಿಲ್ಲ. ಹೊಸ ಮನೆಗಳ ಸಾಲು, ಒಂದರಂತೆ ಇನ್ನೊಂದು, ರಸ್ತೆಯಲ್ಲಿ ಮನುಷ್ಯರಿಲ್ಲ. ಕಸದ ಲಾರಿ ಬಂದುಹೋದ ಮೇಲೆ ಇಡೀ ಬೀದಿಯವರ ಬಿನ್‌ಗಳನ್ನು ಅವರವರ ಗೇಟಿಗೆ ತಳ್ಳಿಕೊಂಡು ಹೋಗಿ ನಿಲ್ಲಿಸುವುದು ಅವರ ವ್ಯಾಯಾಮವಾಗಿತ್ತು. ಪ್ರತಿ ಸಲ ಒಂದಾದರೂ ಬಿನ್ ಅದಲುಬದಲಾಗಿ, ನಾನು ಸಂಜೆ ಮನೆ ಮನೆಗೆ ಹೋಗಿ ಕ್ಷಮೆ ಕೇಳಿಕೊಂಡು ಬರುತ್ತಿದ್ದೆ.

ಅವರ ಜೊತೆ ಮೈಸೂರಿನಿಂದ ಒಂದು ಸೀಸೆ ಎಣ್ಣೆಯೂ ಬಂದಿತ್ತು. ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬಳು ಅದರ ಮುಚ್ಚಳ ತೆಗೆದು ಮೂಸಿ, ತಲೆ ಹಿಂದಕ್ಕೆ ಎಳೆದುಕೊಂಡು, ಇದು ಆಹಾರವೇ ಎಂದು ಕೇಳಿದಳಂತೆ. ಮಾವ ತಮ್ಮ ತೋಳನ್ನು ತೋರಿಸಿ "ಬಾಡಿ, ಬಾಡಿ" ಎಂದರಂತೆ. ಅವಳು ಇನ್ನೊಬ್ಬನನ್ನು ಕರೆದಳಂತೆ, ಅವನೂ ಮೂಸಿದನಂತೆ. ಇಲ್ಲಿ ಇಷ್ಟೊಂದು 'ಅಂತೆ' ಬರೆಯಲು ಕಾರಣ, ನಾನು ಅಲ್ಲಿರಲಿಲ್ಲ. ಮುಂದೆ ಮೈದಾನದಲ್ಲಿ ನಾನು ಕಣ್ಣಾರೆ ನೋಡಿದ್ದಕ್ಕೂ ಈ ಕೇಳಿದ ಕತೆಗೂ ಇರುವ ಹೋಲಿಕೆ ನೋಡಿದರೆ, ಒಂದನ್ನು ನೋಡಿ ಇನ್ನೊಂದನ್ನು ನಾವೇ ತಿದ್ದಿಕೊಂಡಿದ್ದೇವೇನೋ ಎನ್ನಿಸುತ್ತದೆ.

ಹುಡುಗ ಬಂದ ದಿನ ಬಾಗಿಲ ಚೌಕಟ್ಟಿಗೆ ತಲೆ ಹೊಡೆಸಿಕೊಂಡು "ಸಾರಿ" ಎಂದ. ನಮಗಲ್ಲ, ಚೌಕಟ್ಟಿಗೆ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಮುಖದಲ್ಲಿ ಇನ್ನೂ ಶಾಲೆ ಇತ್ತು, ದೇಹ ಮಾತ್ರ ಎರಡು ಅಂತಸ್ತು. ಮಾವ ಅವನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ, ಬಲಭುಜವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನೋಡಮ್ಮ ಭುಜ! ಆನೆ ಕಟ್ಟಬಹುದು. ಬನ್ನಿ ಪೈಲ್ವಾನ್ರೇ, ಒಳಗೆ ಬನ್ನಿ."

ಅಂದಿನಿಂದ ಅವನು ಪೈಲ್ವಾನರಾದ. ಚೆಂಡು ಎಸೆಯುವವನಿಗೆ ಕನ್ನಡದಲ್ಲಿ ಪೈಲ್ವಾನ್ ಎನ್ನುತ್ತಾರೆ ಎಂದು ಅವನು ತಿಳಿದುಕೊಂಡ. ನಾವ್ಯಾರೂ ತಿದ್ದಲಿಲ್ಲ.

ಅವನಿಗೆ ಏನು ಬೇಕಿತ್ತು ಎಂಬುದು ನಮಗೆ ತಿಳಿದದ್ದು ಮೊದಲನೆಯ ಭಾನುವಾರದ ಊಟದಲ್ಲಿ. ಅವನ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ, ಅದರಲ್ಲಿ ಅವನಷ್ಟು ನಾನೂ ಇರುತ್ತೇನೆ ಎಂದುಕೊಳ್ಳಿ. ಅವನ ಊರು ಕೆನಡಾದ ಗೋಧಿ ಹೊಲಗಳ ನಡುವೆ ಎಲ್ಲೋ ಇದೆ. ವರ್ಷದಲ್ಲಿ ಅರ್ಧ ಹಿಮ. ಅಪ್ಪನ ಟೈರ್ ಅಂಗಡಿಯ ಗೋದಾಮಿನಲ್ಲಿ, ಟೈರುಗಳ ರಾಶಿಯನ್ನೇ ಗುರಿ ಮಾಡಿಕೊಂಡು ಚೆಂಡು ಎಸೆದು ಕಲಿತವನು. ಸಂಬಳ ಪಡೆದು ಆಡುವುದು ಇದೇ ಮೊದಲು. ಜನವರಿಯಲ್ಲಿ, ಅಂದರೆ ಇಲ್ಲಿಯ ನಡುಬೇಸಿಗೆಯಲ್ಲಿ, ತಂಡ ಸಿಡ್ನಿಗೆ ಹೋದಾಗ ಅಮೆರಿಕದ ದೊಡ್ಡ ಕ್ಲಬ್ಬೊಂದರ ಸ್ಕೌಟ್ ಬರುತ್ತಾನೆ. ಹೊಸ ಆಟಗಾರರನ್ನು ಹುಡುಕಿಕೊಂಡು ದೇಶದೇಶ ತಿರುಗುವುದೇ ಅವನ ಉದ್ಯೋಗ. ಅವನು ಮೆಚ್ಚಿದರೆ ಒಪ್ಪಂದ, ಅಮೆರಿಕ, ಮುಂದಿನ ಬಾಳೆಲ್ಲ ಬೇಸ್‌ಬಾಲ್.

"ಮೆಚ್ಚದಿದ್ದರೆ?" ನನ್ನ ಗಂಡ ಕೇಳಿದ.

"ಟೈರ್" ಎಂದ ಹುಡುಗ. ಆಮೇಲೆ, ಯಾರಿಗೋ ಬೇಸರವಾಯಿತೇನೋ ಎಂಬಂತೆ, "ಸಾರಿ."

ಮಾವನಿಗೆ ನಾನು ಇದನ್ನೆಲ್ಲ ಹೇಳಿದೆ. ಅವರು ತುತ್ತು ಕೆಳಗಿಟ್ಟು ಯೋಚಿಸಿದರು.

"ಟೈರೂ ಒಳ್ಳೇ ಕೆಲಸಾನೇ. ಆದ್ರೆ ಈ ಭುಜಾನ ತಗೊಂಡೋಗಿ ಟೈರಿಗೆ ಹಾಕಿದ್ರೆ ದೇವರು ಮೇಲಿಂದ ಕೇಳ್ತಾನೆ, ಯಾಕ್ರಯ್ಯಾ ಅಂತ. ನಾನಿದೀನಿ ಅನ್ನು ಅವನಿಗೆ."

ನಾನು ಹೇಳಿದೆ. ಹುಡುಗ ಎದ್ದು ನಿಂತು ಥ್ಯಾಂಕ್ಸ್ ಹೇಳಿದ. ಪಾಪ, ಏನಕ್ಕೆ ಒಪ್ಪಿಕೊಂಡೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಆ ಊಟಕ್ಕೆ ರಾಗಿಮುದ್ದೆ ಇತ್ತು. ಅಗಿಯಬಾರದು, ನುಂಗಬೇಕು ಎಂದು ಮಾವ ಅಭಿನಯಿಸಿ ತೋರಿಸಿದರು. ಹುಡುಗ ಮರ್ಯಾದೆಯಿಂದ ಅಗಿದ. ಅಗಿಯುತ್ತಲೇ ಇದ್ದ. ನಾವು ಸಾರು ಮುಗಿಸಿ ಮಜ್ಜಿಗೆಗೆ ಬಂದರೂ ಅವನ ಮೊದಲ ತುತ್ತು ಇನ್ನೂ ಆಟದಲ್ಲಿತ್ತು. ಆಮೇಲೆ ನನ್ನ ಗಂಡ, ಕ್ರಿಕೆಟ್ಟಿನ ಸ್ವಿಂಗ್ ಹೇಗೆ, ಬೇಸ್‌ಬಾಲಿನ ತಿರುವು ಹೇಗೆ ಎಂದು ಕೇಳಿದ. ಹತ್ತಿರದಲ್ಲಿ ಚೆಂಡು ಇರಲಿಲ್ಲ. ಹುಡುಗ ಎರಡನೆಯ ಮುದ್ದೆಯನ್ನು ಕೈಗೆತ್ತಿಕೊಂಡು, ಎರಡು ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಇಟ್ಟು, ಇದು ನೇರ ಹೋಗುವ ಚೆಂಡು, ಬೆರಳು ಪಕ್ಕಕ್ಕೆ ಸರಿದರೆ ಇದು ಜಾರುವ ಚೆಂಡು, ಹೀಗೆ ಅಗಲಿಸಿ ಹಿಡಿದರೆ ಕೊನೆಗಳಿಗೆಯಲ್ಲಿ ಕೆಳಗೆ ಬೀಳಬೇಕಾದ ಚೆಂಡು ಎಂದು ತೋರಿಸಿದ. ಆ ಮೂರನೆಯದು ತನಗೆ ಬರುವುದಿಲ್ಲ ಎಂದೂ ಹೇಳಿದ. ಎಷ್ಟು ಎಸೆದರೂ ಬೀಳುವುದಿಲ್ಲ, ಸುಮ್ಮನೆ ತೇಲಿಕೊಂಡು ಹೋಗುತ್ತದೆ. ಸ್ಕೌಟ್ ನೋಡಬೇಕಾದದ್ದು ಅದನ್ನೇ.

"ಅಬ್ಬಾ" ಎಂದರು ಮಾವ. "ಮುದ್ದೆ ಹಿಡಿಯೋಕೆ ಇಷ್ಟು ಪಟ್ಟು ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು!"

ಮರುದಿನದಿಂದ ಶಿಕ್ಷಣ ಶುರುವಾಯಿತು. ಬೆಳಿಗ್ಗೆ ನೆನೆಸಿದ ಬಾದಾಮಿ, ಮೇಲೆ ಹಾಲು. ಊಟಕ್ಕೆ ತುಪ್ಪ. ಹುಡುಗ ಕಲಿತ ಮೊದಲ ಕನ್ನಡ ಪದ 'ಸಾಕು'. ಎರಡನೆಯದು 'ಸಾಕು ತಾತ'. ಒಂದು ಸಂಜೆ ಅವನು ಅಭ್ಯಾಸ ಮುಗಿಸಿ, ತಂಡದವರು ಹೇಳಿದಂತೆ ಭುಜಕ್ಕೆ ಐಸ್ ಪೊಟ್ಟಣ ಕಟ್ಟಿಕೊಂಡು ಬಂದಾಗ ಮಾವ ಸೋಫಾದಿಂದ ಎದ್ದೇಬಿಟ್ಟರು.

"ಯಾರು ಹೇಳಿದ್ದು ಇದನ್ನ? ಬಿಸಿ ಮೈಗೆ ಐಸ್ ಇಡ್ತಾರೇನಮ್ಮ? ಇವನೇನು ಮೀನಾ, ಕೆಟ್ಟುಹೋಗ್ತಾನೆ ಅಂತ ಐಸಲ್ಲಿ ಇಡೋಕೆ?"

ಸೀಸೆ ಹೊರಗೆ ಬಂತು. ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿ ಕೂರಿಸಿ ಭುಜದಿಂದ ಬೆರಳ ತುದಿಯವರೆಗೆ ನೀವಿದರು. ಮೊದಲು ಹುಡುಗ ಕೂಗಿದ, ಆಮೇಲೆ ನರಳಿದ, ಆಮೇಲೆ ಕೂತಲ್ಲೇ ನಿದ್ದೆ ಹೋದ. ಎದ್ದಾಗ ಕೈ ಹಗುರವಾಗಿದೆ ಎಂದ. ನಿಜವಾಗಿಯೂ ಹಗುರವಾಗಿತ್ತೋ, ಮುದುಕರಿಗೆ ನೋವಾಗಬಾರದೆಂದು ಹೇಳಿದನೋ ಗೊತ್ತಿಲ್ಲ. ಚೌಕಟ್ಟಿಗೆ ಸಾರಿ ಹೇಳುವವನ ಮಾತಿನ ಬೆಲೆ ಕಟ್ಟುವುದು ಹೇಗೆ? ಎಣ್ಣೆ ತೆಗೆಯಲು ಕಡ್ಲೆಹಿಟ್ಟು ಕೊಟ್ಟವಳು ನಾನು. ನಮ್ಮಲ್ಲಿ ಎಣ್ಣೆ ಎಲ್ಲಿಯೋ ಕಡ್ಲೆಹಿಟ್ಟು ಅಲ್ಲಿ. ಅದಿಲ್ಲದೆ ಎಣ್ಣೆ ಹಚ್ಚಿಕೊಳ್ಳುವುದು ನನ್ನ ಕಲ್ಪನೆಗೇ ಬರುವುದಿಲ್ಲ.

ಮೆಲ್ಬರ್ನ್‌ನಲ್ಲಿ ಅವನ ಮೊದಲ ಆಟಕ್ಕೆ ನಾವೆಲ್ಲ ಹೋದೆವು. ಮೈದಾನದ ನಡುವೆ ಪಿಚರ್ ನಿಲ್ಲುವ ಜಾಗ ಒಂದು ಸಣ್ಣ ದಿಬ್ಬ. ಕೆಮ್ಮಣ್ಣಿನದು. ಅದನ್ನು ನೋಡಿದ ಮಾವನ ಕಣ್ಣು ಒದ್ದೆಯಾಯಿತು ಎಂದು ಬರೆಯಲು ಹೊರಟಿದ್ದೆ. ಒದ್ದೆಯಾಗಲಿಲ್ಲ. ಅವರು ಪಾಪ್‌ಕಾರ್ನ್ ತಿನ್ನುತ್ತಿದ್ದರು, ತಿನ್ನುವುದನ್ನು ನಿಲ್ಲಿಸಿದರು, ಅಷ್ಟೇ.

"ಮಟ್ಟಿ ಕಣಮ್ಮ! ಗರಡಿ ಮಣ್ಣು! ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು ಯಾರೂ?"

ಗರಡಿಯಲ್ಲಿ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಯಾರೂ ಇಳಿಯುವುದಿಲ್ಲ. ಅಂದು ಸಂಜೆ ಹುಡುಗನಿಗೆ ಅದರ ಪಾಠವಾಯಿತು. ಬೇಸ್‌ಬಾಲಿನವರಿಗೆ ಇಂಥವುಗಳಲ್ಲಿ ಮೊದಲೇ ನಂಬಿಕೆ ಜಾಸ್ತಿ. ಗೆದ್ದ ದಿನದ ಕಾಲುಚೀಲ ಒಗೆಯದವರು, ಮೈದಾನದ ಬಿಳಿ ಗೆರೆ ತುಳಿಯದೆ ದಾಟುವವರು. ಮುಂದಿನ ಆಟದಲ್ಲಿ ಅವನು ದಿಬ್ಬದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಚೆನ್ನಾಗಿ ಆಡಿದ. ಅಲ್ಲಿಗೆ ಮುಗಿಯಿತು, ಇನ್ನು ಬಿಡುವಂತಿರಲಿಲ್ಲ. ಎದುರು ತಂಡದವನೊಬ್ಬ ಬಿಸಿಲಿನ ಝಳಕ್ಕೆಂದು ಕೆನ್ನೆಗೆ ಕಪ್ಪು ಬಳಿದುಕೊಂಡು ಬಂದದ್ದನ್ನು ನೋಡಿ ಮಾವ ಇನ್ನಷ್ಟು ಹಿಗ್ಗಿದರು.

"ದೃಷ್ಟಿಬೊಟ್ಟೂ ಇಡ್ತಾರೆ. ಒಳ್ಳೇ ಮನೆತನದ ಆಟ ಇದು."

ಸಿಡ್ನಿಗೆ ತಂಡ ವಿಮಾನದಲ್ಲಿ ಹೋಯಿತು. ನಾವು ಕಾರಿನಲ್ಲಿ ಹೋದೆವು, ಏಕೆಂದರೆ ಸೀಸೆಯನ್ನು ಇನ್ನೊಮ್ಮೆ ಯಾರಿಗೂ ಮೂಸಲು ಕೊಡುವುದಿಲ್ಲ ಎಂದು ಮಾವ ಹಟ ಹಿಡಿದರು. ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ ಗಂಡನ ಗೆಳೆಯನ ಮನೆಯಲ್ಲಿ ಉಳಿದೆವು. ಮಂಗಳೂರಿನವನು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ಹಾಗಾಗಿ ಅವನೊಬ್ಬನೇ ನಮ್ಮ ಜೊತೆ ಆಟಕ್ಕೆ ಬಂದ. ಹೊರಡುವ ಹೊತ್ತಿಗೆ ಹುಡುಗನ ಮೆಸೇಜ್: ಭುಜ ಬಿಗಿದುಕೊಂಡಿದೆ, ತಾತ ಬರುತ್ತಾರಾ?

ಅವನು ಮೈದಾನದ ಕಾರ್ ಪಾರ್ಕಿನಲ್ಲಿ ಕಾಯುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. ಸ್ಕೌಟ್ ಬಂದಾಗಿದೆ, ಹ್ಯಾಟ್ ಹಾಕಿಕೊಂಡು, ಎಸೆದ ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ ಎಂದ. ಮಾವ ಕಾರಿನ ಡಿಕ್ಕಿ ತೆರೆಸಿ ಅದರ ಅಂಚಿನಲ್ಲೇ ಅವನನ್ನು ಕೂರಿಸಿ ನೀವಲು ಶುರುಮಾಡಿದರು. ಜನವರಿಯ ಬಿಸಿಲು, ಎಣ್ಣೆ ಹೊಳೆಯುತ್ತಿತ್ತು. ದಾರಿಹೋಕರು ಮಕ್ಕಳನ್ನು ಆಚೆ ಎಳೆದುಕೊಂಡು ಹೋದರು. ನೀವಿದ ಮೇಲೆ ನಾನು ಡಬ್ಬಿ ಕೊಟ್ಟೆ, ಅವರು ಕಡ್ಲೆಹಿಟ್ಟು ಸುರಿದು ಉಜ್ಜಿದರು.

"ಎಂತ ಮಾರಾಯ್ರೇ" ಎಂದ ಮಂಗಳೂರಿನ ಗೆಳೆಯ, "ಎಣ್ಣೆ ಆಯ್ತು, ಕಡ್ಲೆಹಿಟ್ಟೂ ಆಯ್ತು. ಹುಡುಗನನ್ನು ಬಜ್ಜಿ ಮಾಡ್ತೀರಾ ಎಂತ?"

"ಇದು ಪೂರ್ತಿ ಹೋಗುತ್ತದಲ್ಲ, ಆಂಟಿ?" ಹುಡುಗ ನನ್ನನ್ನು ಕೇಳಿದ.

"ನಮ್ಮೂರಿನಲ್ಲಿ ಯಾವಾಗಲೂ ಹೋಗಿದೆ" ಎಂದೆ.

ನಮ್ಮೂರಿನಲ್ಲಿ ಅದರ ಮೇಲೆ ಚೊಂಬು ಚೊಂಬು ಬಿಸಿನೀರು ಸುರಿಯುತ್ತಾರೆ ಎಂಬುದು ಹೊಳೆಯಲಿಲ್ಲ. ಅಲ್ಲಿದ್ದದ್ದು ಒಂದು ನೀರಿನ ಬಾಟಲಿ. ಅದರಲ್ಲಿ ಕೈ ತೊಳೆಸಿದೆವು ಎಂದು ಮಾವ ಹೇಳುತ್ತಾರೆ. ಅದನ್ನು ಅಷ್ಟರಲ್ಲಿ ತಾನು ಕುಡಿದುಬಿಟ್ಟಿದ್ದೆ ಎಂದು ಗಂಡ ಹೇಳುತ್ತಾನೆ. ಟವೆಲ್ಲಿನಿಂದ ಒರೆಸಿದ್ದು ನನಗೆ ನೆನಪಿದೆ. ಆದರೆ ಆ ಟವೆಲ್ ನನಗೆ ಸಿಕ್ಕಿದ್ದು ಲಿವರ್‌ಪೂಲ್‌ನ ಬಾತ್‌ರೂಮಿನಲ್ಲಿ, ಒಣಗಿಕೊಂಡು, ಹಾಕಿದ ಜಾಗದಲ್ಲೇ.

ಬೇಸ್‌ಬಾಲಿನ ಒಂದು ನಿಯಮ ಹುಡುಗನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ದಿಬ್ಬದ ಹಿಂದೆ ಒಂದು ಪುಟ್ಟ ಚೀಲ ಬಿದ್ದಿರುತ್ತದೆ, ಅದರಲ್ಲಿ ಬೆವರಿಗೆಂದು ಬಿಳಿ ಪುಡಿ. ಅದನ್ನು ಬಿಟ್ಟು ಬೇರೇನನ್ನೂ ಪಿಚರ್ ಕೈಗೆ ಹಚ್ಚುವಂತಿಲ್ಲ. ಎಣ್ಣೆ, ಅಂಟು, ಕ್ರೀಮು ಯಾವುದೂ ಕೂಡದು, ಅವು ತಾಗಿದ ಚೆಂಡು ಇದ್ದಕ್ಕಿದ್ದಂತೆ ತಿರುಗುತ್ತದೆ, ಬೀಳುತ್ತದೆ. ಸಿಕ್ಕಿಬಿದ್ದರೆ ಆಟದಿಂದ ಹೊರಗೆ. ಅದಕ್ಕೇ ನಡುನಡುವೆ ಅಂಪೈರ್ ಕೈ ನೋಡುತ್ತಾನೆ. ಇಷ್ಟು ಗೊತ್ತಿದ್ದೂ ಅವನು ಕೈ ಚಾಚಿ ಕೂತಿದ್ದ. ಮುದುಕರಿಗೆ ಬೇಡ ಎನ್ನುವ ಒಂದೇ ಪದ ಅವನಿಗೆ ಗೊತ್ತಿದ್ದದ್ದು, 'ಸಾಕು'. ಅದಕ್ಕೆ ಮಾವ ಯಾವತ್ತೂ ನಿಂತವರಲ್ಲ.

ಆಟ ಶುರುವಾಯಿತು. ಹುಡುಗ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಸ್ಕೌಟ್ ಚೆಂಡಿನ ವೇಗ ಅಳೆಯುವ ಯಂತ್ರವನ್ನು ಪಿಸ್ತೂಲಿನಂತೆ ಎತ್ತಿ ಹಿಡಿದ. ಮೊದಲನೆಯ ಬ್ಯಾಟುಗಾರ ಹೊಡೆದ ಚೆಂಡನ್ನು ಯಾರೋ ಹಿಡಿದರು. ಎರಡನೆಯವನೂ ಹೇಗೋ ಹೋದ. ಮೂರನೆಯವನು ದಪ್ಪಗಿದ್ದ, ಗಡ್ಡವಿತ್ತು. ಎರಡು ಸಲ ಬೀಸಿ ತಪ್ಪಿದ, ಇನ್ನೊಂದು ತಪ್ಪಿದರೆ ಔಟ್. ಹುಡುಗ ಬೆರಳು ಅಗಲಿಸಿ ಹಿಡಿದದ್ದು ನಮಗೆ ಅಷ್ಟು ದೂರದಿಂದ ಕಾಣುವ ಹಾಗೇ ಇರಲಿಲ್ಲ, ಆದರೂ ನಮ್ಮ ಮನೆಯ ಮೂವರೂ ಅದನ್ನು ಕಂಡೆವು ಎಂದೇ ಹೇಳುತ್ತೇವೆ.

ಚೆಂಡು ನೆಟ್ಟಗೆ ಹೋಯಿತು. ಗಡ್ಡದವನು ಬೀಸಿದ. ಬ್ಯಾಟಿನ ಹತ್ತಿರ ಬಂದಾಗ, ಮೇಜಿನ ಅಂಚಿನಿಂದ ಉರುಳಿದ ಹಾಗೆ, ಚೆಂಡು ಕೆಳಗೆ ಬಿತ್ತು. ಅವನು ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ನೆಲದ ಮೇಲೆ ಕೂತ.

"ಚಿತ್!" ಎಂದು ಮಾವ ಕೂಗಿದರು.

"ಯಾರ್ಕರ್!" ಎಂದು ಗಂಡ ಕೂಗಿದ.

ಸ್ಕೌಟ್ ಎದ್ದು ನಿಂತಿದ್ದ. ನಾನು ಅದನ್ನು ನೋಡಿದೆ. ಹುಡುಗನೂ ನೋಡಿದ. ತನ್ನ ಕೈಯನ್ನು ಒಮ್ಮೆ ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ. ದಿಬ್ಬದಿಂದ ಇಳಿದು ಬರುತ್ತಿದ್ದ ಅವನನ್ನು ಅಂಪೈರ್ ಅಡ್ಡಗಟ್ಟಿ ಕೈ ತೋರಿಸು ಎಂದ.

ಕೈ ತೋರಿಸಿದ. ಅಂಪೈರ್ ಹೆಬ್ಬೆರಳಿನಿಂದ ಅಂಗೈ ಉಜ್ಜಿದ. ನಿಂತ. ತನ್ನ ಹೆಬ್ಬೆರಳು ನೋಡಿಕೊಂಡ. ಬಿಳಿ ಪುಡಿಯನ್ನು ಅವನು ಬದುಕಿನುದ್ದಕ್ಕೂ ನೋಡಿದ್ದ, ಹಳದಿಯನ್ನು ನೋಡಿರಲಿಲ್ಲ. ಬಗ್ಗಿ ಮೂಸಿದ. ಇನ್ನೊಬ್ಬ ಅಂಪೈರನನ್ನು ಕರೆದ. ಅವನೂ ಮೂಸಿದ. ಇಬ್ಬರೂ ಮುಖ ಮುಖ ನೋಡಿಕೊಂಡು ಮತ್ತೊಮ್ಮೆ ಮೂಸಿದರು. ಎದುರು ತಂಡದ ಕೋಚ್ ಓಡಿಬಂದು ತನಗೂ ಮೂಸಲು ಬೇಕು ಎಂದು ಜಗಳ ತೆಗೆದ. ಸ್ಕೌಟ್ ಯಂತ್ರವನ್ನು ಮಡಿಲಿಗೆ ಇಳಿಸಿ, ಚೀಲದ ಜಿಪ್ ಅರ್ಧ ಎಳೆದ.

"ಏನಾಯ್ತಮ್ಮ?" ಮಾವ ಕೇಳಿದರು. ಮುಂದಿನ ಸಾಲಿನವರು ಆಡಿಕೊಳ್ಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು.

"ಕೈಯಲ್ಲಿ ಎಣ್ಣೆ ಇದೆ ಅಂತ ಅವನನ್ನ ಹೊರಗೆ ಕಳಿಸ್ತಾರೆ ಅನ್ಸುತ್ತೆ ಮಾವ. ಕಳಿಸಿದ್ರೆ ಆ ಹ್ಯಾಟಿನವನೂ ಎದ್ದು ಹೋಗ್ತಾನೆ."

ನಾನು ವಾಕ್ಯ ಮುಗಿಸಿದಾಗ ನನ್ನ ಮಡಿಲಲ್ಲಿ ಡಬ್ಬಿ ಇರಲಿಲ್ಲ. ಮಾವ ಅದನ್ನು ಹಿಡಿದು ಮೆಟ್ಟಿಲಿಳಿದು ಬೇಲಿಯ ಹತ್ತಿರ ತಲುಪಿದ್ದರು. ಗಂಡ "ಅಪ್ಪಾ, ಅಪ್ಪಾ, ಬ್ಯಾಡ" ಎನ್ನುತ್ತ ಹಿಂದೆ ಓಡಿದ.

"ಸಾರ್! ಅಂಪೈರ್ ಸಾರ್!" ಮಾವ ಬೇಲಿಯ ಜಾಲರಿಗೆ ಡಬ್ಬಿ ಬಡಿದರು. "ನೋ ಚೀಟಿಂಗ್! ದಿಸ್ ಈಸ್ ತಿನ್ನೋ ಹಿಟ್ಟು! ಈಟಿಂಗ್! ಸೀ!"

ಒಂದು ಹಿಡಿ ಹಸಿ ಕಡ್ಲೆಹಿಟ್ಟನ್ನು ಬಾಯಿಗೆ ಹಾಕಿಕೊಂಡರು. ಹಸಿಹಿಟ್ಟು ಒಣಬಾಯಿಗೆ ಹೋದರೆ ಏನಾಗುತ್ತದೆಂದು ತಿಳಿದವರಿಗೆ ಹೇಳಬೇಕಿಲ್ಲ. ಅವರಿಂದ ಹಳದಿ ಮೋಡವೊಂದು ಹೊರಟು ಜಾಲರಿಯ ಆಚೆಗೆ ತೇಲಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಬೆರಳೆತ್ತಿ, ತಿಂದೆ ನೋಡಿ, ಬದುಕಿದ್ದೇನೆ ನೋಡಿ ಎಂಬ ಸನ್ನೆ ಮಾಡುತ್ತಲೇ ಇದ್ದರು. ಯಾರೋ ನೀರು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು, ಇದು ಮಧ್ಯಂತರದ ಮನರಂಜನೆ ಎಂದು ತಿಳಿದು.

ಅಂಪೈರ್ ಹುಡುಗನನ್ನು ಇದೇನೆಂದು ಕೇಳಿದ. "ಕಡಲೆಯ ಹಿಟ್ಟು, ಸರ್. ಅವರು ನನ್ನ ಅಜ್ಜ. ಅಂದರೆ ನನ್ನ ಅಜ್ಜ ಅಲ್ಲ. ಸಾರಿ" ಎಂದನಂತೆ ಅವನು. ಅಂಪೈರ್ ಬಹಳ ಹೊತ್ತು ಕೈಯನ್ನೂ ಬೇಲಿಯನ್ನೂ ನೋಡಿದ. ನಿಯಮದ ಪ್ರಕಾರ ಏನು ಮಾಡಬೇಕಿತ್ತೋ ನಾನು ಹೇಳಲಾರೆ. ಕೈಯಲ್ಲಿ ಅಂಟಿಲ್ಲ, ಹೋಗಿ ಸೋಪಿನಲ್ಲಿ ತೊಳೆದುಕೊಂಡು ಬಾ ಎಂದಷ್ಟೇ ಹೇಳಿದ. ಆಮೇಲೆ ಬೇಲಿಯ ಹತ್ತಿರ ಬಂದು ನನ್ನ ಗಂಡನಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ದಯವಿಟ್ಟು ಅವರು ಇನ್ನು ತಿನ್ನುವುದು ಬೇಡ."

ಹುಡುಗ ಕೈ ತೊಳೆದು ಮತ್ತೆ ದಿಬ್ಬ ಹತ್ತಿದ. ಮಣ್ಣು ಮುಟ್ಟಿದ. ಮೊದಲನೆಯ ಎಸೆತ ಕ್ಯಾಚರ್‌ನ ತಲೆಯ ಮೇಲಿಂದ ಹಾರಿ ಹಿಂದಿನ ಬಲೆಗೆ ಬಡಿಯಿತು. ಎರಡನೆಯದನ್ನು ಬ್ಯಾಟುಗಾರ ಎಲ್ಲಿಗೋ ಹೊಡೆದ. ಎದುರು ತಂಡದವರು ಮೂಗು ಹಿಡಿದುಕೊಂಡು ರೇಗಿಸಿದರು, ಒಬ್ಬ ತನ್ನ ಬ್ಯಾಟನ್ನೇ ಮೂಸಿ ತೋರಿಸಿದ. ಹುಡುಗ ಕಿವಿ ಕೆಂಪಾಗಿಸಿಕೊಂಡು ನಿಂತಿದ್ದ. ಮಾವ ನನ್ನ ಪಕ್ಕದಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ಗದ್ದದ ಮೇಲೆ ಹಿಟ್ಟು ಹಾಗೇ ಇತ್ತು.

ಆಮೇಲೆ ಹುಡುಗ ಆಡಿದ. ಚಮತ್ಕಾರವೇನೂ ಇಲ್ಲ. ನೇರದ್ದು, ಜಾರುವುದು, ನೇರದ್ದು. ಕೆಲವರು ಹೊಡೆದರು, ಹೆಚ್ಚಿನವರು ಔಟಾದರು. ಬೀಳುವ ಚೆಂಡನ್ನು ಮತ್ತೆ ಮತ್ತೆ ಎಸೆಯಲು ನೋಡಿದ, ಅದು ಬೀಳಲಿಲ್ಲ. ಸ್ಕೌಟ್ ಚೀಲದ ಜಿಪ್ ಮತ್ತೆ ತೆರೆದು ಯಂತ್ರವನ್ನು ಎತ್ತಿಕೊಂಡಿದ್ದ. ಆಟ ಮುಗಿದ ಮೇಲೆ ಅವನು ನೇರ ನಮ್ಮ ಕಡೆಗೇ ಬಂದು, ಮಾವನ ಕೈ ಕುಲುಕಿ, ಆ ಡಬ್ಬಿಯಲ್ಲಿ ಇನ್ನೂ ಇದೆಯಾ ಎಂದು ಕೇಳಿ, ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದ. ಪ್ಯಾಂಟಿಗೆ ಒರೆಸಿಕೊಂಡು ಹೋದ.

ಒಪ್ಪಂದ ಸಿಕ್ಕಿತು. ಬೇಸಿಗೆ ಮುಗಿಯುವ ಮೊದಲೇ ಸುದ್ದಿ ಬಂತು. ಹುಡುಗ ಗ್ಯಾರೇಜಿನಲ್ಲಿ ಮಾವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಮಾವ ಗಾಳಿಯಲ್ಲೇ "ಪೈಲ್ವಾನ್ರೇ, ಸೊಂಟ, ಸೊಂಟ!" ಎಂದು ಕೂಗಿದರು. ಅದಾದ ಮೇಲೆ ಎಣ್ಣೆ ಹಚ್ಚುವ ಸರದಿ ನನ್ನ ಗಂಡನಿಗೆ ಬಂತು, ಅಪ್ಪನ ಸೊಂಟಕ್ಕೆ. ಸೀಸೆ ಅಲ್ಲಿಗೆ ಖಾಲಿಯಾಯಿತು. ಅದಕ್ಕೇ ಈಗ ಮೂಸಿ ನೋಡಲು ಏನೂ ಉಳಿದಿಲ್ಲ.

ಅವನು ಈಗ ಅಮೆರಿಕದ ಯಾವುದೋ ಸೆಕೆ ಊರಿನಲ್ಲಿ, ಆ ಕ್ಲಬ್ಬಿನ ಅತ್ಯಂತ ಕೆಳಗಿನ ತಂಡದಲ್ಲಿ ಆಡುತ್ತಾನೆ. ಆಗೀಗ ವಿಡಿಯೋ ಕಾಲ್ ಮಾಡುತ್ತಾನೆ. ಆ ಬೀಳುವ ಚೆಂಡು ಅವನಿಗೆ ಇನ್ನೂ ಬಂದಿಲ್ಲ. ಮೊನ್ನೆ ಮಾತಿನ ನಡುವೆ, ಬಹಳ ಸಂಕೋಚದಿಂದ, "ಆಂಟಿ, ಅವತ್ತು ಕಾರ್ ಪಾರ್ಕಿನಲ್ಲಿ ನನ್ನ ಕೈ ತೊಳೆದಿದ್ದೆವಾ?" ಎಂದು ಕೇಳಿದ. ತನಗೆ ನೆನಪಿಲ್ಲವಂತೆ. ಸ್ಕೌಟ್ ಅವನಿಗೆ ಹೇಳಿದ್ದು, ಅಷ್ಟೆಲ್ಲ ಅವಮಾನವಾದರೂ ವಾಪಸ್ ಬಂದು ಆಡಿದೆಯಲ್ಲ, ಅದು ಇಷ್ಟವಾಯಿತು ಎಂದು. 'ಆದರೆ ಆ ಮಾತು ಹೇಳುವಾಗ ಅವನು ಬೀಳುವ ಚೆಂಡು ಹಿಡಿಯುವ ಹಾಗೆ ಬೆರಳುಗಳನ್ನು ಅಗಲಿಸಿ ಹಿಡಿದುಕೊಂಡಿದ್ದ' ಎಂದೂ ಹುಡುಗ ಹೇಳಿದ.

ಮೈಸೂರಿಗೆ ಫೋನು ಮಾಡಿ ಮಾವನನ್ನು ಕೇಳಿದೆ. ಎಲ್ಲಾ ಮಣ್ಣಿನ ಮಹಿಮೆ ಎಂದರು. ಗಂಡನನ್ನು ಕೇಳಿದೆ. ಎದುರುಗಾಳಿ ಇತ್ತು ಎಂದ. ಆ ಚೆಂಡು ಯಾಕೆ ಬಿತ್ತೆಂದು ನನಗೆ ಗೊತ್ತಿಲ್ಲ. ಹುಡುಗ ಆಯ್ಕೆಯಾದದ್ದು ಆ ಒಂದು ಚೆಂಡಿಗೋ, ಕೈ ತೊಳೆದು ಬಂದ ಮೇಲಿನ ಆಟಕ್ಕೋ, ಅದೂ ಗೊತ್ತಿಲ್ಲ. ಕಾರ್ ಪಾರ್ಕಿನಲ್ಲಿ ಅವನ ಕೈ ತೊಳೆದಿದ್ದೆವೋ ಇಲ್ಲವೋ ಎಂದು ಅವನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನನಗೆ ನಿಜವಾಗಿಯೂ ಗೊತ್ತಿಲ್ಲ.